ಅಟ್ಟದ ರೇಜರಾ, ಸಂತೆ ರೇಜರಾ, ಪಾರ್ಸೆಲ್ ರೇಜರಾ: ಕೊಡಗಿನ ಮಳೆ ಲೆಕ್ಕ ಇಟ್ಕೊಂಡು ಹಳೇ ಕ್ಷೌರದ ಕತ್ತಿ ಆರಿಸೋದು

ಹೋದ ವರ್ಷ ತುಲಾ ಸಂಕ್ರಮಣ ಕಳೆದ್ಮೇಲೆ ನಾಪೋಕ್ಲು ಕಡೆ ಇರೋ ಅಮ್ಮನ ತವರುಮನೇಲಿ ಅಟ್ಟ ಕ್ಲೀನ್ ಮಾಡೋ ಕೆಲಸ ನನ್ನ ತಲೆಗೆ ಬಂತು. ಇಲಿ ಹಿಕ್ಕೆ, ಮುರಿದ ಗುದ್ದಲಿ, ಯಾವ ಕಾಲದ್ದೋ ಲಾಟೀನು, ಇದೆಲ್ಲದರ ಹಿಂದೆ ಒಂದು ತಗಡಿನ ಟ್ರಂಕ್, ಅದರೊಳಗೆ ಖಾಕಿ ಬಟ್ಟೇಲಿ ಸುತ್ತಿದ್ದ ಮೂರು ಶೇವಿಂಗ್ ಕತ್ತಿ. ಮಡಚೋವು, ಹಳೇ ಕಟಿಂಗ್ ಶಾಪಲ್ಲಿ ತೊಗಲಿನ ಪಟ್ಟಿ ಮೇಲೆ ಟಪಟಪ ಅಂತ ಉಜ್ತಿದ್ರಲ್ಲ ಅಂಥವು. ಮಾವ ನೋಡಿದ್ದೇ "ಬಿಸಾಕು ಮಾರಾಯ, ಕೆನ್ನೆ ಕುಯ್ಕೊಂಡು ಆಸ್ಪತ್ರೆಗೆ ಓಡ್ತೀಯ" ಅಂದ್ರು. ಬಿಸಾಕ್ಲಿಲ್ಲ. ಮೂರರಲ್ಲಿ ಒಂದನ್ನ ಸರಿ ಮಾಡಿ ಈಗ ವಾರಕ್ಕೆ ಮೂರು ದಿನ ಅದರಲ್ಲೇ ಗಡ್ಡ ತೆಗೀತೀನಿ, ಆದ್ರೆ ಯಾವುದನ್ನ ಉಳಿಸ್ಬೇಕು ಯಾವುದನ್ನ ಬಿಡ್ಬೇಕು ಅಂತ ಗೊತ್ತಾಗೋದಕ್ಕೆ ನಂಗೆ ಆರು ತಿಂಗಳು ಬೇಕಾಯ್ತು, ಅಷ್ಟರಲ್ಲಿ ಒಂದನ್ನ ಪೂರ್ತಿ ಹಾಳು ಮಾಡಿಯೂ ಆಗಿತ್ತು. ನೀವು ಅದೇ ತಪ್ಪು ಮಾಡ್ಬೇಡಿ ಅಂತ ಇದನ್ನ ಬರೀತಿದೀನಿ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ನಮ್ಮಲ್ಲಿ ಕತ್ತಿ ಅಂದ್ರೆ ತೋಟದ ಕತ್ತಿ, ಕಪಾತು ಮಾಡೋದು, ಕಾಡು ಸವರೋದು. ಅದಕ್ಕೆ ಇಲ್ಲಿ ರೇಜರ್ ಅಂತಲೇ ಬರೀತೀನಿ, ಇಲ್ಲಾಂದ್ರೆ ಓದೋರಿಗೆ ಕಾಫಿ ಗಿಡ ನೆನಪಾಗುತ್ತೆ.

ಮೂರು ರೇಜರ್ ಹೀಗಿದ್ವು. ಒಂದು ಇಂಗ್ಲೆಂಡಿನ ಶೆಫೀಲ್ಡ್, ದಪ್ಪ ಬೆನ್ನು, ಎಮ್ಮೆ ಕೊಂಬಿನ ಕಪ್ಪು ಹಿಡಿ, ಅಲಗಿನ ಹಿಂದಿನ ಬಾಲದ ಹತ್ರ ಕಂಪನಿ ಹೆಸರು ಅರ್ಧ ಅಳಿಸಿ ಶೆಫೀಲ್ಡ್ ಅನ್ನೋದು ಮಾತ್ರ ಓದೋ ಹಾಗಿತ್ತು. ಎರಡನೇದು ಜರ್ಮನಿಯ ಸೋಲಿಂಗೆನ್, ಅಲಗು ಕಾಗದದಷ್ಟು ತೆಳ್ಳಗೆ, ಕೆನೆ ಬಣ್ಣದ ಚಂದದ ಹಿಡಿ. ಮೂರನೇದು ಸೈನ್ಯದ್ದು, ಕರಿ ಹಿಡಿ, ಯಾವ ಅಲಂಕಾರವೂ ಇಲ್ಲ, ಬ್ರಿಟಿಷ್ ಸರ್ಕಾರಿ ಸಾಮಾನಿನ ಮೇಲೆ ಹೊಡೀತಿದ್ದ ಬಾಣದ ಗುರುತು ಇತ್ತು. ಮುತ್ತಜ್ಜ ಮೊದಲನೇ ಮಹಾಯುದ್ಧದ ಕಾಲದಲ್ಲಿ ಪಟ್ಟಾಳದಲ್ಲಿದ್ರಂತೆ, ಅಲ್ಲಿಂದ ಬಂದಿರ್ಬೇಕು. ಕೊಡಗಲ್ಲಿ ಇಂಥ ಟ್ರಂಕ್ ಇಲ್ಲದ ಮನೆ ಕಮ್ಮಿ, ಕಾರ್ಯಪ್ಪ ತಿಮ್ಮಯ್ಯ ಹುಟ್ಟಿದ ಊರು ಇದು, ಜೊತೆಗೆ 19ನೇ ಶತಮಾನದಲ್ಲೇ ಬಿಳಿ ದೊರೆಗಳು ಬಂದು ಕಾಫಿ ತೋಟ ಮಾಡಿದ ಜಾಗ, ಹಾಗಾಗಿ ಬೇರೆ ಜಿಲ್ಲೆಗಿಂತ ನಮ್ಮ ಅಟ್ಟಗಳಲ್ಲಿ ಇಂಥದ್ದು ಸಿಗೋ ಚಾನ್ಸ್ ಜಾಸ್ತಿ ಅಂತ ನನ್ನ ಲೆಕ್ಕ.

ನೋಡಿದ ತಕ್ಷಣ ನಾನು ಯಾವುದನ್ನ ಎತ್ಕೊಂಡೆ ಹೇಳಿ? ಸೋಲಿಂಗೆನ್ನೇ. ಯಾರಾದ್ರೂ ಅದನ್ನೇ ಎತ್ಕೊಳ್ತಾರೆ, ಅಷ್ಟು ಚಂದ ಇತ್ತು. ಅದೇ ತಪ್ಪು.

ಹಿಡಿ ಮೊದಲು ನೋಡಿ, ಅಲಗು ಆಮೇಲೆ

ಇದನ್ನ ಯಾರೂ ಮೊದಲು ಹೇಳಲ್ಲ, ಎಲ್ರೂ ಸ್ಟೀಲು, ಕಂಪನಿ, ವರ್ಷ ಅಂತಾನೇ ಶುರು ಮಾಡ್ತಾರೆ. ಆದ್ರೆ ನಮ್ಮ ಹವಾಮಾನಕ್ಕೆ ರೇಜರ್ ಸಾಯೋದು ಹೆಚ್ಚಾಗಿ ಹಿಡಿಯಿಂದ. ಆ ಕೆನೆ ಬಣ್ಣದ ಹಿಡಿ ಇದೆಯಲ್ಲ, ಅದು ಸೆಲ್ಯುಲಾಯ್ಡ್, ಹಳೇ ಸಿನಿಮಾ ರೀಲು ಮಾಡ್ತಿದ್ದ ವಸ್ತುನೇ, ನೈಟ್ರೋಸೆಲ್ಯುಲೋಸ್ ಮತ್ತೆ ಕರ್ಪೂರ ಸೇರಿಸಿ ಮಾಡೋದು. ದಂತ, ಆಮೆ ಚಿಪ್ಪು, ಹವಳ, ಯಾವ ಬಣ್ಣ ಬೇಕಾದ್ರೂ ಬರುತ್ತೆ ಅಂತ ಆ ಕಾಲದಲ್ಲಿ ಎಷ್ಟೋ ರೇಜರಿಗೆ ಅದನ್ನೇ ಹಾಕ್ತಿದ್ರು. ವಯಸ್ಸಾದ್ಮೇಲೆ ಅದು ತನ್ನಷ್ಟಕ್ಕೇ ಕೊಳೆಯೋಕೆ ಶುರುವಾಗುತ್ತೆ, ಆವಾಗ ಆಸಿಡ್ ಆವಿ ಬಿಡುತ್ತೆ, ರೇಜರ್ ಮಡಚಿದಾಗ ಅಲಗು ಕೂತಿರೋದು ಅದೇ ಎರಡು ಹೋಳಿನ ಮಧ್ಯೆ ತಾನೇ, ಅಂದ್ರೆ ಇಡೀ ದಿನ ಆಸಿಡ್ ಹೊಗೆ ಕುಡೀತಾ ಕೂತಿರುತ್ತೆ. ತೇವ ಮತ್ತೆ ಸೆಕೆ ಇದ್ರೆ ಇನ್ನೂ ಬೇಗ. ಕೊಡಗಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಲ್ಟಿಗೇ ಬೂಸಲು ಹಿಡಿಯುತ್ತೆ, ಇನ್ನು ಇದು ಉಳೀತದಾ?

ಗುರುತು ಹೇಗೆ ಹಿಡಿಯೋದು ಅಂದ್ರೆ, ಹಿಡಿಯನ್ನ ಹೆಬ್ಬೆರಳಿಂದ ಜೋರಾಗಿ ಉಜ್ಜಿ ಬಿಸಿ ಮಾಡಿ ಮೂಸಿ, ಕರ್ಪೂರದ ವಾಸನೆ ಬಂದ್ರೆ ಸೆಲ್ಯುಲಾಯ್ಡ್. ಬಿಸಿ ಸೂಜಿ ಚುಚ್ಚಿ ನೋಡೋ ಪ್ರಯೋಗ ಮಾತ್ರ ಮಾಡ್ಬೇಡಿ, ಅದು ಭಗ್ ಅಂತ ಹತ್ಕೊಳ್ಳೋ ವಸ್ತು. ಕೊಳೀತಾ ಇದ್ರೆ ಒಳಗಡೆ ಹಳದಿ ಕಲೆ, ಸಣ್ಣ ಸಣ್ಣ ಬಿರುಕಿನ ಜಾಲ, ಸಕ್ಕರೆ ಪುಡಿ ಥರ ಉದುರೋದು, ಹುಳಿ ಘಾಟು. ಮತ್ತೆ ಅಲಗು ಕರೆಕ್ಟಾಗಿ ಹಿಡಿಯೊಳಗೆ ಮುಚ್ಚಿಹೋಗೋ ಭಾಗದಲ್ಲಿ ಮಾತ್ರ ತುಕ್ಕು ಹಿಡಿದು ಬಾಲ ಫಳಫಳ ಇದ್ರೆ ಅದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ನನ್ನ ಸೋಲಿಂಗೆನ್ ಹಾಗೇ ಇತ್ತು, ಹೊರಗಿಂದ ಮದುಮಗಳು, ತೆರೆದು ನೋಡಿದ್ರೆ ಬಾಯಿ, ಅಂದ್ರೆ ಹರಿತದ ಅಂಚು, ಪೂರ್ತಿ ಗರಗಸ.

ಹಿಡಿಗಳಲ್ಲಿ ನಮ್ಮ ಊರಿಗೆ ನಂಗೆ ಇಷ್ಟ ಆಗೋದು ಎಮ್ಮೆ ಕೊಂಬು. ಬಾಗಿರುತ್ತೆ, ಹುಳ ತಿಂದು ತೂತು ಬಿದ್ದಿರುತ್ತೆ, ಅದು ನಿಜ, ಆದ್ರೆ ಅಲಗಿಗೆ ದ್ರೋಹ ಮಾಡಲ್ಲ. ಬಾಗಿದ್ರೆ ಬಿಸಿ ನೀರಲ್ಲಿ ಇಟ್ಟು ಮೆತ್ತಗಾದ್ಮೇಲೆ ಎರಡು ಹಲಗೆ ಮಧ್ಯೆ ಬಿಗಿದು ಆರೋಕೆ ಬಿಟ್ರೆ ನೆಟ್ಟಗಾಗುತ್ತೆ. ಬೇಕಲೈಟ್ ಅನ್ನೋ ಹಳೇ ಗಟ್ಟಿ ಪ್ಲಾಸ್ಟಿಕ್ಕೂ ತೊಂದರೆ ಇಲ್ಲ, ಕೈ ಜಾರಿ ಬಿದ್ರೆ ಪಿಂಗಾಣಿ ಥರ ಒಡೀತದೆ ಅಷ್ಟೇ. ಮರದ ಹಿಡಿ ನೀರು ಕುಡೀತದೆ, ನಮಗೆ ಬೇಡ.

ದಂತದ ಹಿಡಿ ಸಿಕ್ತು ಅಂತ ಕುಣೀಬೇಡಿ. ಸಿಕ್ಕಿರೋದು ದಂತಾನಾ ಸೆಲ್ಯುಲಾಯ್ಡಾ ಅಂತ ಮೊದಲು ನೋಡಿ, ನಿಜವಾದ ಆನೆ ದಂತದ ಅಡ್ಡಸೀಳಲ್ಲಿ ಒಂದರ ಮೇಲೊಂದು ಹಾದುಹೋಗೋ ಸಣ್ಣ ಬಲೆಯಂಥ ಗೆರೆ ಕಾಣುತ್ತೆ, ನಕಲಿಯಲ್ಲಿ ಗೆರೆಗಳು ರೂಲು ಹಾಕಿದಷ್ಟು ನೆಟ್ಟಗಿರ್ತವೆ. ನಿಜವಾದ ದಂತ ಆದ್ರೆ 1972ರ ವನ್ಯಜೀವಿ ಕಾಯ್ದೆ ಇದೆ, ಮಾರೋದು ಕೊಳ್ಳೋದು ಎರಡೂ ಅಪರಾಧ. ಕಡವೆ, ಜಿಂಕೆ ಕೊಂಬಿನ ಹಿಡಿಗೂ ಅದೇ ಮಾತು. ಸುತ್ತ ನಾಗರಹೊಳೆ, ಪುಷ್ಪಗಿರಿ, ತಲಕಾವೇರಿ ಕಾಡು ಇರೋ ಜಿಲ್ಲೇಲಿ ಕೂತು ಆನ್‌ಲೈನಲ್ಲಿ ದಂತದ ಫೋಟೋ ಹಾಕಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ದಪ್ಪ ಅಲಗಾ, ತೆಳ್ಳಗಿನ ಅಲಗಾ

ಈಗ ಅಲಗಿಗೆ ಬರೋಣ. ರೇಜರನ್ನ ತುದಿ ಕಡೆಯಿಂದ ಕಣ್ಣಿಗೆ ನೇರ ಹಿಡಿದು ನೋಡಿ. ಬೆನ್ನಿಂದ ಬಾಯಿ ತನಕ ಬೆಣೆ ಥರ ನೇರ ಇಳಿದಿದ್ರೆ ಅದು ವೆಜ್. ಎರಡೂ ಕಡೆ ಸ್ವಲ್ಪ ಒಳಗೆ ತೋಡಿದ್ರೆ ಹಾಫ್ ಹಾಲೋ. ಪೂರ್ತಿ ತೋಡಿ ಬಾಯಿ ಹತ್ರ ಬೆರಳುಗುರು ಒತ್ತಿದ್ರೆ ಬಾಗೋಷ್ಟು ತೆಳ್ಳಗಿದ್ರೆ ಫುಲ್ ಹಾಲೋ. ಶೆಫೀಲ್ಡಿನ ಹಳೇ ಕಾಲದವು ಹೆಚ್ಚಾಗಿ ದಪ್ಪ, ಸೋಲಿಂಗೆನ್‌ನವರು ತೆಳ್ಳಗೆ ತೋಡೋದ್ರಲ್ಲಿ ಎತ್ತಿದ ಕೈ, ಶೇವ್ ಮಾಡುವಾಗ ಕೂದಲು ಕತ್ತರಿಸೋ ಸದ್ದು ಅಲಗಲ್ಲಿ ಗುಂಯ್ ಅಂತ ಕೇಳುತ್ತೆ, ಆ ಸದ್ದಿಗೇ ಜನ ಮರುಳಾಗ್ತಾರೆ.

ಅಗಲವನ್ನ ಇಂಚಿನ ಎಂಟನೇ ಭಾಗದಲ್ಲಿ ಹೇಳ್ತಾರೆ. 5/8 ಅಂದ್ರೆ ಸುಮಾರು 16 ಮಿಮೀ, 6/8 ಅಂದ್ರೆ 19, 7/8 ಅಂದ್ರೆ 22. ಹೊಸಬರಿಗೆ 5/8 ಅಥವಾ 6/8 ಸಾಕು, ದೊಡ್ಡದು ಮೂಗಿನ ಕೆಳಗೆ ಹೋಗೋಕೆ ಕಷ್ಟ.

ಶೇವ್ ಮಾಡೋ ಸುಖ ಮಾತ್ರ ಕೇಳಿದ್ರೆ ತೆಳ್ಳಗಿನದ್ದೇ ಮೇಲು ಅಂತೀನಿ, ಸುಳ್ಳು ಯಾಕೆ. ಆದ್ರೆ ನೀವು ತಗೊಳ್ತಿರೋದು ತುಕ್ಕು ಹಿಡಿದ ರೇಜರ್, ಅದನ್ನ ಉಜ್ಜಿ ಸರಿ ಮಾಡ್ಬೇಕು, ಅಲ್ಲಿ ಲೆಕ್ಕ ಉಲ್ಟಾ ಆಗುತ್ತೆ. ದಪ್ಪ ಅಲಗಲ್ಲಿ ತುಕ್ಕಿನ ಗುಳಿ ಇದ್ರೆ ಅದರ ಆಳಕ್ಕೆ ಲೋಹ ಉಜ್ಜಿ ತೆಗೆದ್ರೂ ಇನ್ನೂ ಲೋಹ ಇರುತ್ತೆ. ತೆಳ್ಳಗಿನದ್ರಲ್ಲಿ ಗುಳಿ ಅಂದ್ರೆ ಅರ್ಧ ದಾರಿ ತೂತು, ಸ್ಯಾಂಡ್‌ಪೇಪರ್ ಒತ್ತಿದ್ರೆ ಬಾಯಿ ಬಿರಿದು ಹೋಗುತ್ತೆ. ಆದ್ರೆ ದಪ್ಪದಕ್ಕೂ ಒಂದು ಕಾಟ ಇದೆ, ಮಸೆಯುವಾಗ ಕಲ್ಲಿಗೆ ತಾಗೋ ಲೋಹ ಜಾಸ್ತಿ, ಹಾಗಾಗಿ ತೆಳ್ಳಗಿನದು ಒಂದು ಗಂಟೇಲಿ ಮುಗಿದ್ರೆ ಇದು ಎರಡು ಸಂಜೆ ತಿನ್ನುತ್ತೆ. ಮಳೆಗಾಲದಲ್ಲಿ ಕರೆಂಟ್ ಇಲ್ಲದೆ ಕೂತಿರೋ ಸಂಜೆಗಳು ನಮಗೆ ಬೇಕಾದಷ್ಟು ಇದಾವಲ್ಲ.

ನನ್ನ ಆಯ್ಕೆ ಮಧ್ಯದ್ದು, ಹಾಫ್ ಹಾಲೋ ಅಥವಾ ಅದಕ್ಕಿಂತ ಸ್ವಲ್ಪ ದಪ್ಪ. ಟ್ರಂಕಿನ ಶೆಫೀಲ್ಡು ಅಂಥದ್ದೇ ಅಂತ ಆಮೇಲೆ ಗೊತ್ತಾಯ್ತು.

ಹೆಸರಿಗೆ ದುಡ್ಡು ಕೊಡ್ಬೇಕಾ?

ಶೆಫೀಲ್ಡ್ ಕಡೆ ವೇಡ್ ಅಂಡ್ ಬುಚರ್, ಜೋಸೆಫ್ ರಾಡ್ಜರ್ಸ್, ವೋಸ್ಟನ್‌ಹೋಮ್, ಜರ್ಮನಿ ಕಡೆ ಹೆಂಕೆಲ್ಸ್, ಪೂಮಾ, ಡೋವೊ. ಇವು ಎಲ್ರಿಗೂ ಗೊತ್ತು, ಗೊತ್ತಿರೋದಕ್ಕೇ ರೇಟು. ಹೆಂಕೆಲ್ಸ್‌ನವರ ಅವಳಿ ಗುರುತು 1731ರಿಂದ ಇದೆ, ಅಷ್ಟು ಹಳೇ ಹೆಸರಿಗೆ ಬೆಲೆ ಇರೋದು ಸಹಜ. ಆದ್ರೆ ಒಂದು ವಿಷಯ ಯೋಚಿಸಿ, ಶೆಫೀಲ್ಡಲ್ಲಿ ಕತ್ತಿ ಮಾಡೋರ ಸಂಘ 1624ರಲ್ಲೇ ಆಗಿತ್ತು, 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರದವರು ಮೂಸೆಯಲ್ಲಿ ಉಕ್ಕು ಕರಗಿಸೋ ವಿಧಾನ ಕಂಡುಹಿಡಿದ್ಮೇಲೆ ಆ ಊರಿನ ಸಣ್ಣಪುಟ್ಟ ಕಾರ್ಖಾನೆಗೂ ಒಳ್ಳೇ ಉಕ್ಕು ಸಿಗೋಹಾಗಾಯ್ತು. ದೊಡ್ಡ ಹೆಸರು, ಸಣ್ಣ ಹೆಸರು, ಊರು ಒಂದೇ, ಕೆಲಸ ಕಲಿತ ಕೈಗಳು ಅವೇ. ಗ್ರೀವ್ಸ್ ಅಂಡ್ ಸನ್ಸ್, ಜೋಸೆಫ್ ಎಲಿಯಟ್, ಕ್ಯಾಡ್ಮನ್ ಅವರ ಬೆಂಗಾಲ್, ಕ್ರಾಪ್, ಇವು ನಮ್ಮ ಕಡೆ ಯಾರಿಗೂ ಅಷ್ಟು ಗೊತ್ತಿಲ್ಲ, ಆದ್ರೆ ಕೈಗೆ ಸಿಕ್ಕಿದ್ರೆ ಬಿಡ್ಬೇಡಿ. ಸೋಲಿಂಗೆನ್ ವಿಷ್ಯದಲ್ಲೂ ಅಷ್ಟೇ, ಆ ಊರಿನ ಹೆಸರಿಗೇ 1938ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿದಾರೆ, ಊರಾಚೆ ಮಾಡಿದ್ದಕ್ಕೆ ಆ ಹೆಸರು ಹೊಡೆಯೋ ಹಾಗಿಲ್ಲ, ಆದ್ರಿಂದ ಕಂಪನಿ ಯಾವುದೋ ಗೊತ್ತಾಗದಿದ್ರೂ ಸೋಲಿಂಗೆನ್ ಅನ್ನೋ ಪದಕ್ಕೇ ಒಂದು ತೂಕ ಇದೆ.

ಸ್ವೀಡನ್ನಿನ ಎಸ್ಕಿಲ್ಸ್ಟೂನ ಊರಿನವು ಸಿಕ್ಕಿದ್ರಂತೂ ಲಾಟರಿ. ಹೆಲ್ಜೆಸ್ಟ್ರಾಂಡ್, ಎರಿಕ್ ಆಂಟನ್ ಬರ್ಗ್ ಅಂತ ಇರುತ್ತೆ, ಬರ್ಗ್ ಬಡಗಿಗಳ ಉಳಿಗೂ ಹೆಸರು ಮಾಡಿದ ಕಂಪನಿ. ಉಕ್ಕು ಭಯಂಕರ ಗಟ್ಟಿ, ಮಸೆಯೋಕೆ ಹಿಂಸೆ, ಒಮ್ಮೆ ಹರಿತ ಬಂದ್ರೆ ತಿಂಗಳುಗಟ್ಟಲೆ ನಿಲ್ಲುತ್ತೆ. ಅಲ್ಲಿಯದ್ದೇ ಫ್ರೇಮ್‌ಬ್ಯಾಕ್ ಅಂತ ಒಂದು ಜಾತಿ ಇದೆ, ಬೆನ್ನು ಬೇರೆ ಅಲಗು ಬೇರೆ, ತೆಳ್ಳಗಿನ ಅಲಗನ್ನ ಬೆನ್ನಿನ ಸಂದಿಯೊಳಗೆ ಸಿಗಿಸಿರ್ತಾರೆ. ನೋಡೋಕೆ ಆಟದ ಸಾಮಾನು, ಕೆಲಸದಲ್ಲಿ ರಾಕ್ಷಸ, ಆದ್ರೆ ಆ ಸಂದಿಯೊಳಗೆ ನೀರು ನಿಂತ್ರೆ ಒಳಗೊಳಗೇ ತುಕ್ಕು, ಅದಕ್ಕೆ ಮಳೆನಾಡಿನವರಿಗೆ ನಾನು ಹೇಳಲ್ಲ. ಅಮೆರಿಕದ ಟೋರಿ, ಜಿನೀವಾ ಒಳ್ಳೇವು, ಇಲ್ಲಿ ಸಿಗಲ್ಲ. ಜಪಾನಿನ ರೇಜರ್ ಕಮಿಸೋರಿ ಬೇರೆಯದೇ ವಿದ್ಯೆ, ಬಿಟ್ಬಿಡಿ.

ವಯಸ್ಸು ಅಂದಾಜು ಮಾಡೋಕೆ ಬಾಲದ ಮೇಲಿನ ಅಕ್ಷರ ಓದಿ. ಅಮೆರಿಕಕ್ಕೆ ಹೋಗೋ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ 1890ರಲ್ಲಿ ಕಾನೂನು ಮಾಡಿದ್ರು, ಅದಾದ್ಮೇಲೆ ಇಂಗ್ಲೆಂಡ್, ಜರ್ಮನಿ ಅಂತ ಹೊಡೆಯೋದು ಮಾಮೂಲಾಯ್ತು. ಊರಿನ ಹೆಸರು ಮಾತ್ರ ಇದ್ದು ದೇಶದ ಹೆಸರು ಇಲ್ಲಾಂದ್ರೆ ಅದಕ್ಕಿಂತ ಹಳೇದಿರೋ ಸಾಧ್ಯತೆ ಇದೆ, ಗ್ಯಾರಂಟಿ ಅಲ್ಲ. ಕಿರೀಟದ ಜೊತೆ ಡಬ್ಲ್ಯೂ ಆರ್ ಇದ್ರೆ ನಾಲ್ಕನೇ ವಿಲಿಯಂ ಕಾಲ, 1830ರಿಂದ 1837. ವಿ ಆರ್ ಇದ್ರೆ ವಿಕ್ಟೋರಿಯಾ, ಅದು 1901ರ ತನಕ. ಸಿಲ್ವರ್ ಸ್ಟೀಲ್ ಅಂತ ಬರೆದಿದ್ರೆ ಬೆಳ್ಳಿ ಅಂತ ಅಂಗಡಿಯವನಿಗೆ ಹೇಳ್ಬೇಡಿ, ಅವನು ರೇಟು ಏರಿಸ್ತಾನೆ, ನೀವು ಬೆಳ್ಳಿ ಅಂತ ನಂಬ್ಲೂಬೇಡಿ.

ಒಂದು ಗುಟ್ಟು ಹೇಳ್ತೀನಿ. ಸೋಲಿಂಗೆನ್ ರೇಜರಿನ ಮೇಲೆ ರೋಸ್ಟ್‌ಫ್ರೈ ಅಂತಲೋ, ಐನಾಕ್ಸ್ ಅಂತಲೋ ಇದ್ರೆ ಸ್ಟೇನ್‌ಲೆಸ್ ಅಂತ ಅರ್ಥ. ಹೆಂಕೆಲ್ಸ್‌ನವರು ಫ್ರಿಯೋಡೂರ್ ಅಂತ ಹೊಡೀತಿದ್ರು, ಉಕ್ಕನ್ನ ತೀರಾ ತಣ್ಣಗೆ ಮಾಡಿ ಗಟ್ಟಿಗೊಳಿಸೋ ವಿಧಾನ. ಹಳೇ ರೇಜರ್ ಹುಚ್ಚರು ಕಾರ್ಬನ್ ಸ್ಟೀಲೇ ಬೇಕು ಅಂತ ಇದನ್ನ ಪಕ್ಕಕ್ಕಿಡ್ತಾರೆ, ಮಸೆಯೋಕೆ ಸ್ವಲ್ಪ ನಿಧಾನ ಅನ್ನೋದೂ ಹೌದು. ಆದ್ರೆ ಭಾಗಮಂಡಲದಲ್ಲೋ ಗಾಳಿಬೀಡಲ್ಲೋ ಇರೋರು ಅವರ ಮಾತು ಕೇಳ್ಬೇಡಿ. ಬಾತ್‌ರೂಮ್ ಗೋಡೆ ನೀರು ಬೆವರೋ ಊರಲ್ಲಿ ತುಕ್ಕು ಹಿಡಿಯದ ರೇಜರ್ ಸಿಕ್ಕಿದ್ರೆ ಕಣ್ಣಿಗೆ ಒತ್ಕೊಂಡು ತಗೊಳ್ಳಿ.

ಎಲ್ಲಿಂದ ತಗೊಳ್ಳೋದು

ಅಟ್ಟ ಮೊದಲು. ದುಡ್ಡಿಲ್ಲ, ಜೊತೆಗೆ ಕಥೆ ಬರುತ್ತೆ. ಅಡುಗೆಮನೆ ಒಲೆ ಮೇಲಿನ ಹೊಗೆ ಅಟ್ಟದಲ್ಲಿ ಇದ್ದದ್ದು ಮಸಿ ಹಿಡಿದಿದ್ರೂ ತುಕ್ಕು ಕಮ್ಮಿ ಇರುತ್ತೆ, ಅದೇ ಮಲಗೋ ಕೋಣೆ ಟ್ರಂಕಲ್ಲಿ ಬಟ್ಟೆ ಜೊತೆ ಇದ್ದದ್ದು ನೋಡೋಕೆ ಚಂದ, ಒಳಗೆ ತೇವ ತಿಂದಿರುತ್ತೆ. ತೊಗಲಿನ ಚೀಲದಲ್ಲಿ ಇಟ್ಟಿದ್ರೆ ಇನ್ನೂ ಕಷ್ಟ, ತೊಗಲು ನೀರನ್ನ ಹಿಡಿದಿಟ್ಕೊಳ್ಳುತ್ತೆ.

ಸಂತೆ, ಗುಜರಿ. ಮಡಿಕೇರಿ ಶುಕ್ರವಾರದ ಸಂತೇಲಿ ತರಕಾರಿ ಸಿಗುತ್ತೆ, ರೇಜರ್ ಸಿಗಲ್ಲ, ನಾನು ಎರಡು ತಿಂಗಳು ಅಲೆದು ಹೇಳ್ತಿರೋದು. ಗುಜರಿ ಅಂಗಡಿಯವರಿಗೆ ಹೇಳಿಟ್ರೆ ಯಾವತ್ತೋ ಒಂದಿನ ಫೋನ್ ಬರುತ್ತೆ, ನಂಗೆ ಹಾಗೆ ಒಂದು 150 ರೂಪಾಯಿಗೆ ಸಿಕ್ತು, ಬೇಕಲೈಟ್ ಹಿಡಿ, ಹೆಸರೇ ಇಲ್ಲ, ಅಲಗು ಮಾತ್ರ ಭಾರೀ ಲಾಯ್ಕಿದೆ. ಹಳೇ ಕಟಿಂಗ್ ಶಾಪ್ ನಡೆಸ್ತಿದ್ದವರ ಮನೇಲಿ ಕೇಳೋದು ಇನ್ನೂ ಒಳ್ಳೇದು. ಈಗ ಎಲ್ಲ ಅರ್ಧ ಬ್ಲೇಡ್ ಸಿಗಿಸೋ ಉಸ್ತ್ರಾನೇ ಬಳಸೋದು, ಒಬ್ಬರಿಗೆ ಒಂದು ಬ್ಲೇಡ್, ಅದು ಆರೋಗ್ಯಕ್ಕೂ ಸರಿ, ಹಳೇವು ಡ್ರಾಯರಲ್ಲಿ ಬಿದ್ದಿರ್ತವೆ. ಆದ್ರೆ ಕಟಿಂಗ್ ಶಾಪಿನ ರೇಜರಿಗೆ ಒಂದು ಖಾಯಿಲೆ ಇದೆ, ಸವೆದಿರೋದು. ವರ್ಷಗಟ್ಟಲೆ ದಿನಾ ಮಸೆದು 6/8 ಇದ್ದದ್ದು 4/8 ಆಗಿರುತ್ತೆ, ಬಾಯಿ ಮಧ್ಯದಲ್ಲಿ ಒಳಕ್ಕೆ ಬಾಗಿ ಮುಖ ಸಿಂಡರಿಸಿದ ಹಾಗೆ ಕಾಣುತ್ತೆ. ನನ್ನ ಸೈನ್ಯದ ರೇಜರೂ ಹೀಗೇ ಸವೆದಿತ್ತು, ಅದಕ್ಕೇ ಅದನ್ನ ಮುಟ್ಲಿಲ್ಲ, ಎಣ್ಣೆ ಹಚ್ಚಿ ನೆನಪಿಗೆ ಇಟ್ಟಿದೀನಿ. ಬಾಯಿ ಹೊರಕ್ಕೆ ಬಾಗಿ ನಕ್ಕ ಹಾಗಿದ್ರೆ ತೊಂದರೆ ಇಲ್ಲ, ಮಸೆಯೋ ಕೈ ಸ್ವಲ್ಪ ತಿರುಗಿಸ್ಬೇಕು ಅಷ್ಟೇ.

ಸವೆತ ಅಳೆಯೋಕೆ ಬೆನ್ನನ್ನೂ ನೋಡಿ. ಮಸೆಯುವಾಗ ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರ್ಬೇಕು, ರೇಜರಿನ ಕೋನ ನಿಲ್ಲೋದು ಬೆನ್ನಿನ ದಪ್ಪದ ಮೇಲೆ. 19 ಮಿಮೀ ಅಗಲದ ಅಲಗಿಗೆ ಬೆನ್ನು 5ರಿಂದ 5.5 ಮಿಮೀ ಇದ್ರೆ ಕೋನ 15ರಿಂದ 17 ಡಿಗ್ರಿ ಬರುತ್ತೆ, ಶೇವಿಂಗಿಗೆ ಅದು ಸರಿ. ಬೆನ್ನು ಸವೆದು ಚಪ್ಪಟೆ ಆಗಿ ಅಗಲ ಹಾಗೇ ಇದ್ರೆ ಕೋನ ಕಿರಿದಾಗಿ ಹರಿತ ಬಂದ್ರೂ ನಿಲ್ಲಲ್ಲ, ಅಲ್ಲಲ್ಲಿ ಉದುರುತ್ತೆ. ಒಂದು ವರ್ನಿಯರ್ ಕ್ಯಾಲಿಪರ್ ಜೇಬಲ್ಲಿದ್ರೆ ಅಂಗಡೀಲೇ ಗೊತ್ತಾಗುತ್ತೆ, ಅಂಗಡಿಯವನು ನಿಮ್ಮನ್ನ ಇಂಜಿನಿಯರ್ ಅನ್ಕೊಳ್ತಾನೆ, ಅನ್ಕೊಳ್ಲಿ.

ಆನ್‌ಲೈನ್ ಪಾರ್ಸೆಲ್ ಬಗ್ಗೆ ಜಾಸ್ತಿ ಹೇಳಲ್ಲ. ಮುಚ್ಚಿದ ಫೋಟೋ ಹಾಕಿರೋದನ್ನ ತಗೋಬೇಡಿ, ತೆರೆದು ಎರಡೂ ಮುಖ, ಬಾಯಿಯ ಕ್ಲೋಸಪ್, ಹಿಡಿಯ ಒಳಗು, ಇಷ್ಟು ಫೋಟೋ ಕಳಿಸ್ದಿದ್ರೆ ಬಿಟ್ಬಿಡಿ. ಹೊಸದಾಗಿ ಮಿಷಿನ್ನಲ್ಲಿ ಪಾಲಿಶ್ ಮಾಡಿ ಕನ್ನಡಿ ಥರ ಹೊಳೆಯೋದು ನೋಡಿದ್ರೆ ನಂಗೆ ಭಯ, ಬಿಸಿ ಆಗಿ ಉಕ್ಕಿನ ಹದ ಹೋಗಿದೆಯೋ ಏನೋ ಅಂತ. ಮತ್ತೆ 500 ರೂಪಾಯಿಗೆ ಬರೋ ಹೊಚ್ಚ ಹೊಸ ಡಿಸೈನ್ ರೇಜರುಗಳಿದಾವೆ, ಅವು ರೇಜರಿನ ಫೋಟೋ ನೋಡಿ ಮಾಡಿದ ಲೋಹದ ತುಂಡು, ಲಕೋಟೆ ಕತ್ತರಿಸೋಕೆ ಆಗುತ್ತೆ.

ತುಕ್ಕು: ನಾನು ಮಾಡಿದ ಅನಾಹುತ

ಗುಳಿ ಎಲ್ಲಿದೆ ಅನ್ನೋದೇ ಮುಖ್ಯ, ಎಷ್ಟಿದೆ ಅನ್ನೋದಲ್ಲ. ಅಲಗಿನ ಮಧ್ಯದಲ್ಲಿ, ಬೆನ್ನ ಹತ್ರ ಎಷ್ಟೇ ಕಪ್ಪು ಗುಳಿ ಇರ್ಲಿ, ಮುಖಕ್ಕೆ ತಾಗಲ್ಲ. ಬಾಯಿಯಿಂದ ಎರಡು ಮಿಮೀ ಒಳಗೆ ಒಂದು ಗುಳಿ ಇದ್ರೂ ಅದು ಇವತ್ತಲ್ಲ ನಾಳೆ ಬಾಯಿಗೆ ಬಂದು ಹಲ್ಲು ಮುರಿದ ಹಾಗೆ ಆಗುತ್ತೆ. ಕೂದಲೆಳೆ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಇದ್ರೆ ಅಲ್ಲಿಗೆ ಮುಗೀತು.

ಇನ್ನು ತುಕ್ಕು ತೆಗೆಯೋಕೆ. ನಮ್ಮ ಮನೇಲಿ ಎಲ್ಲದಕ್ಕೂ ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿರಸ. ಹಂದಿ ಸಾರಿಗೆ ಹಾಕೋದು, ತಾಮ್ರದ ಪಾತ್ರೆ ಬೆಳಗೋದು, ಎಲ್ಲ ಅದೇ. ಸೋಲಿಂಗೆನ್ ಅಲಗನ್ನ ಒಂದು ರಾತ್ರಿ ಕಾಚಂಪುಳೀಲಿ ನೆನೆಸಿಟ್ಟೆ ಮಾರಾಯ್ರೆ, ಬೆಳಿಗ್ಗೆ ತೆಗೆದ್ರೆ ತುಕ್ಕು ಹೋಗಿತ್ತು ನಿಜ, ಅಲಗು ಪಂದಿಕರಿ ಬಣ್ಣಕ್ಕೆ ತಿರುಗಿತ್ತು, ಮೊದಲೇ ಆಸಿಡ್ ತಿಂದಿದ್ದ ಬಾಯಿ ಇನ್ನಷ್ಟು ತಿಂದ್ಕೊಂಡು ಉಗುರಲ್ಲಿ ಮುಟ್ಟಿದ್ರೆ ಉದುರ್ತಿತ್ತು. ಯಾವ ಹುಳಿಯಾದ್ರೂ ತುಕ್ಕಿನ ಜೊತೆ ಉಕ್ಕನ್ನೂ ತಿನ್ನುತ್ತೆ, ನಿಂಬೆಹಣ್ಣು, ವಿನೆಗರ್ ಎಲ್ಲ ಅಷ್ಟೇ, ತೋಟದ ಕತ್ತಿಗೆ ನಡೆಯುತ್ತೆ, ಕಾಗದದಷ್ಟು ತೆಳು ಇರೋ ಅಲಗಿಗೆ ನಡೆಯಲ್ಲ. ಅತ್ತೆ ಬೈದದ್ದು ರೇಜರಿಗಲ್ಲ, ಒಂದು ಲೋಟ ಕಾಚಂಪುಳಿ ದಂಡ ಆಯ್ತಲ್ಲ ಅಂತ.

ಶೆಫೀಲ್ಡಿಗೆ ಹಾಗೆ ಮಾಡ್ಲಿಲ್ಲ. ಡಬ್ಲ್ಯೂಡಿ-40 ಅನ್ನೋ ತುಕ್ಕು ಬಿಡಿಸೋ ಸ್ಪ್ರೇ ಹಾಕಿ ಎರಡು ದಿನ ಬಿಟ್ಟೆ, ಆಮೇಲೆ ಬೆರಳಿಗೆ ಕಾರ್ಕ್ ತುಂಡು ಕಟ್ಕೊಂಡು ವೆಟ್ ಸ್ಯಾಂಡ್‌ಪೇಪರಲ್ಲಿ 400, 600, 1000, 2000 ಅಂತ ಒಂದೊಂದೇ, ಬೆನ್ನಿಂದ ಬಾಯಿ ಕಡೆಗೆ, ಯಾವತ್ತೂ ಬಾಯಿಗೆ ಎದುರಾಗಿ ಅಲ್ಲ. ಅಲಗನ್ನ ಹಲಗೆ ಮೇಲೆ ಒತ್ತಿ ಹಿಡ್ಕೊಳ್ಳಿ, ಗಾಳೀಲಿ ಹಿಡಿದು ಉಜ್ಜಿದ್ರೆ ಬೆರಳು ಹೋಗುತ್ತೆ. ಕೊನೇಲಿ ಬ್ರಾಸ್ಸೊ ಅಥವಾ ಆಟೋಸಾಲ್ ಪಾಲಿಶ್. ಕನ್ನಡಿ ಥರ ಆಗ್ಲೇಬೇಕು ಅಂತ ಹಠ ಮಾಡ್ಬೇಡಿ, ಕೆಂಪು ತುಕ್ಕು ಹೋಗ್ಬೇಕು, ಕಪ್ಪು ಕಲೆ ಇದ್ರೆ ಇರ್ಲಿ, ಅದು ವಯಸ್ಸು.

ಕೊಲ್ಲನ ಹತ್ರ, ಸಾಣೆ ಚಕ್ರದವರ ಹತ್ರ ಕೊಡ್ಬೇಡಿ. ಕೊಡವರ ಒಡಿಕತ್ತಿ, ಪೀಚೆಕತ್ತಿಗೆ ಅವರೇ ಸರಿ, ಆದ್ರೆ ಚಕ್ರದ ಬಿಸಿಗೆ ತೆಳು ಬಾಯಿ ಎರಡೇ ಸೆಕೆಂಡಲ್ಲಿ ನೀಲಿ ಆಗುತ್ತೆ, ನೀಲಿ ಆಯ್ತು ಅಂದ್ರೆ ಅದು ಸುಮಾರು 300 ಡಿಗ್ರಿ ನೋಡಿದೆ ಅಂತ, ಹದ ಹೋಯ್ತು. ಅದು ಮತ್ತೆ ಹರಿತ ನಿಲ್ಲಿಸಲ್ಲ.

ಹಿಡಿ ಬಿಚ್ಚೋದಾ ಬಿಡೋದಾ? ಕೊಂಬಿನ ಹಿಡಿ ಗಟ್ಟಿ ಇದ್ರೆ ಬಿಚ್ಬೇಡಿ. ಸೆಲ್ಯುಲಾಯ್ಡ್ ಕೊಳೀತಿದ್ರೆ ಅವತ್ತೇ ಬಿಚ್ಚಿ ಅಲಗನ್ನ ದೂರ ಇಡಿ, ಬೇರೆ ರೇಜರ್ ಇರೋ ಡಬ್ಬಿಯಲ್ಲೂ ಇಡ್ಬೇಡಿ. ಪಿನ್ನಿನ ತಲೆ ಅರದಿಂದ ಉಜ್ಜಿ ಸಣ್ಣ ಪಂಚಲ್ಲಿ ಹೊರಗೆ ತಳ್ಳಿ, ಹೊಸದಕ್ಕೆ 1.6 ಮಿಮೀ ಹಿತ್ತಾಳೆ ಕಂಬಿ, ಎರಡು ಕಡೆ ವಾಷರ್, ಸಣ್ಣ ಸುತ್ತಿಗೇಲಿ ಮೆಲ್ಲ ಮೆಲ್ಲ ತಟ್ಟಿ ತಲೆ ಅರಳಿಸೋದು. ಹಳೇದ್ರಲ್ಲಿ ಹಿಡಿಯ ಬಾಲದಲ್ಲಿರೋ ಬೆಣೆ ಸೀಸದ್ದಿರುತ್ತೆ, ಅದನ್ನ ಉಜ್ಜಿ ಧೂಳೆಬ್ಬಿಸಬೇಡಿ, ಮುಟ್ಟಿದ್ರೆ ಕೈ ತೊಳ್ಕೊಳ್ಳಿ.

ಮಸೆಯೋದು: ಕಲ್ಲಾ ಫಿಲ್ಮಾ

ಹಾರ್ಡ್‌ವೇರ್ ಅಂಗಡಿಯ ಕಪ್ಪು ಸಾಣೆಕಲ್ಲು ಬೇಡ, ರೇಜರಿಗೆ ಅದು ಜಲ್ಲಿ. ಒಳ್ಳೇ ಜಪಾನ್ ಕಲ್ಲು 1000, 4000, 8000, 12000 ಗ್ರಿಟ್ ಸೆಟ್ ತಗೊಂಡ್ರೆ ಜೀವಮಾನಕ್ಕೆ ಸಾಕು, ದುಡ್ಡು ಮಾತ್ರ ಒಂದು ಚೀಲ ಕಾಫಿ ಲೆಕ್ಕಕ್ಕೆ ಬರುತ್ತೆ. ಒಂದೇ ರೇಜರ್ ಇರೋರಿಗೆ ನಾನು ಹೇಳೋದು ಲ್ಯಾಪಿಂಗ್ ಫಿಲ್ಮ್, ಅಂದ್ರೆ ತೀರಾ ನಯವಾದ ಸ್ಯಾಂಡ್‌ಪೇಪರ್ ಥರದ ಪ್ಲಾಸ್ಟಿಕ್ ಹಾಳೆ. 12, 5, 3, 1 ಮೈಕ್ರಾನ್ ಹಾಳೆಗಳು, ದಪ್ಪ ಗಾಜಿನ ತುಂಡಿನ ಮೇಲೆ ನೀರು ಚಿಮುಕಿಸಿ ಅಂಟಿಸಿದ್ರೆ ಆಯ್ತು, ಕಲ್ಲನ್ನ ಸಮ ಮಾಡೋ ತಲೆನೋವಿಲ್ಲ. ತೂಕ ಹಾಕ್ಬೇಡಿ, ರೇಜರಿನ ಭಾರವೇ ಸಾಕು. ಬೆನ್ನ ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿದ್ರೆ ಬೆನ್ನು ಸವೆಯಲ್ಲ, ದಪ್ಪ ಶೆಫೀಲ್ಡಿಗಂತೂ ಅದು ಹಾಕ್ಲೇಬೇಕು. ಬಾಯಿಗೆ ಮಾರ್ಕರ್ ಪೆನ್ನಲ್ಲಿ ಗೆರೆ ಬಳಿದು ನಾಲ್ಕು ಸಲ ಎಳೀರಿ, ಇಂಕು ಪೂರ್ತಿ ಹೋದ್ರೆ ಬಾಯಿ ಕಲ್ಲಿಗೆ ಕೂತಿದೆ, ಅಲ್ಲಲ್ಲಿ ಉಳಿದ್ರೆ ಕೂತಿಲ್ಲ. ಮೊದಲ ಹಂತದಲ್ಲಿ ಬಾಯಿ ಪೂರ್ತಿ ಕೂರೋ ತನಕ ಮುಂದಕ್ಕೆ ಹೋಗ್ಬೇಡಿ, ನೂರಕ್ಕೆ ನೂರು ಜನ ತಪ್ಪೋದು ಇಲ್ಲೇ, ನಾನೂ ಸೇರಿ.

ಆಮೇಲೆ ತೊಗಲಿನ ಪಟ್ಟಿ. ಬಟ್ಟೆ ಮೇಲೆ ಮೂವತ್ತು ಸಲ, ತೊಗಲ ಮೇಲೆ ಅರವತ್ತು, ಯಾವಾಗ್ಲೂ ಬೆನ್ನು ಮುಂದೆ ಬಾಯಿ ಹಿಂದೆ, ತಿರುಗಿಸುವಾಗ ಬೆನ್ನ ಮೇಲೇ ಹೊರಳಿಸ್ಬೇಕು. ಹಳೇ ಲೆದರ್ ಬೆಲ್ಟ್ ಚೆನ್ನಾಗಿ ತೊಳೆದು ಒಣಗಿಸಿದ್ರೆ ಕಲಿಯೋಕೆ ಸಾಕು, ಹೊಸಬರು ಹೇಗೂ ಮೊದಲನೇದನ್ನ ಕುಯ್ದೇ ಕುಯ್ತಾರೆ. ಮುಖಕ್ಕೆ ಇಡೋ ಮೊದಲು ಸೋಪಲ್ಲಿ ತೊಳೆದು ಸರ್ಜಿಕಲ್ ಸ್ಪಿರಿಟ್ಟಲ್ಲಿ ಒರೆಸಿ, ಯಾರ ಗಡ್ಡ ತೆಗೆದಿತ್ತೋ ಯಾರಿಗೆ ಗೊತ್ತು. ಮೊದಲ ದಿನ ಕೆನ್ನೆ ಮಾತ್ರ, ಚರ್ಮ ಎಳೆದು ಹಿಡಿದು ಅಲಗನ್ನ ಸುಮಾರು 30 ಡಿಗ್ರಿ ವಾಲಿಸಿ. ಗದ್ದ, ಮೂಗಿನ ಕೆಳಗೆ ಎಲ್ಲ ಎರಡು ವಾರ ಬಿಟ್ಟು.

ಇದೆಲ್ಲ ಯಾಕೆ, ಅರ್ಧ ಬ್ಲೇಡಿನ ಉಸ್ತ್ರಾ 200 ರೂಪಾಯಿಗೆ ಸಿಗುತ್ತಲ್ಲ ಅಂತ ಕೇಳಿದ್ರೆ, ಹೌದು, ಸಮಯ ಇಲ್ಲದೋರಿಗೆ ಅದೇ ಸರಿ. 1903ರಲ್ಲಿ ಜಿಲೆಟ್ ಮೊದಲ ವರ್ಷ ಮಾರಿದ್ದು ಬರೀ 51 ರೇಜರ್, ಮುಂದಿನ ವರ್ಷ 90 ಸಾವಿರ ದಾಟಿತ್ತು, ಜನ ಸುಮ್ನೆ ಬದಲಾಗ್ಲಿಲ್ಲ. ಆದ್ರೆ ಉಸ್ತ್ರಾ ಬ್ಲೇಡು ಹಗುರ, ತಪ್ಪು ಮಾಡಿದ್ರೆ ಕ್ಷಮಿಸಲ್ಲ, ದಪ್ಪ ಶೆಫೀಲ್ಡ್ ತನ್ನ ಭಾರದಲ್ಲೇ ಇಳಿಯುತ್ತೆ, ನಂಗೆ ಉಸ್ತ್ರಾದಲ್ಲಿ ಆದಷ್ಟು ಗಾಯ ಇದರಲ್ಲಿ ಆಗ್ಲಿಲ್ಲ.

ಮಳೆಗಾಲದಲ್ಲಿ ಇಡೋದು ಬೇರೆ ವಿಷಯ. ಬಾತ್‌ರೂಮಲ್ಲಿ ಇಡ್ಲೇಬೇಡಿ. ಶೇವ್ ಆದ್ಮೇಲೆ ಪಿನ್ನಿನ ಸಂದಿಯೊಳಗೆ ಟಿಶ್ಯೂ ತುರುಕಿ ಒರೆಸಿ, ಒಂದು ಗಂಟೆ ತೆರೆದಿಟ್ಟು, ಅಲಗಿಗೆ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ. ತೆಂಗಿನೆಣ್ಣೆ ಹಚ್ಬೇಡಿ, ಅಂಟಂಟು ಆಗಿ ಧೂಳು ಹಿಡಿಯುತ್ತೆ. ನಾನು ಗಾಳಿಯಾಡದ ಸ್ಟೀಲ್ ಡಬ್ಬೀಲಿ ಹುರಿದ ಅಕ್ಕಿಯ ಗಂಟು ಹಾಕಿ ಇಡ್ತಿದ್ದೆ, ಈಗ ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್ ಮಳೇಲಿ, ಹದಿನೈದು ದಿನ ಬಿಸಿಲೇ ಕಾಣದಿದ್ದಾಗ ವಾರಕ್ಕೊಮ್ಮೆ ತೆಗೆದು ನೋಡ್ತೀನಿ, ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಮುಹೂರ್ತದ ದಿನ ಮಾವ ಕೋವಿ, ಒಡಿಕತ್ತಿ ಎಲ್ಲ ತೊಳೆದು ಪೂಜೆಗೆ ಇಡುವಾಗ ಈ ಶೆಫೀಲ್ಡನ್ನೂ ಪಕ್ಕದಲ್ಲಿ ಇಟ್ಟೆ. ಮಾವ ನೋಡಿದ್ರು, ಏನೂ ಹೇಳ್ಲಿಲ್ಲ, ತೋಕ್‌ಪೂವ್ ಅನ್ನೋ ಹೂವಿನ ಒಂದು ಎಸಳು ಅದರ ಮೇಲೂ ಹಾಕಿದ್ರು.